ಎರಡನೇ ಅರ್ಧಕ್ಕೂ ಕಾಲು ಉಳಿಯಬೇಕು

— ನಮ್ಮ ಹುಡುಗ ನೆನ್ನೆ ರಾತ್ರಿ ವೆಲ್ಲಿಂಗ್ಟನ್‌ನಿಂದ ಫೋನ್ ಮಾಡಿದ್ದ ಕಣವ್ವ. ಓದೋಕೆ ಅಂತ ಹೋದೋನು ಅಲ್ಲಿ ನೀರೊಳಗೆ ಹಾಕಿ ಆಡೋಕೆ ಸೇರ್ಕೊಂಡವ್ನಂತೆ. ಕಾಲಿಗೆ ಹಾಕ್ಕೊಳ್ಳೋ ಫಿನ್ ಬೇಕಂತೆ, ಅದೂ ಕಾರ್ಬನ್‌ದು. ಬೆಲೆ ಕೇಳಿ ಸುಮ್ಮನಾಗ್ಬಿಟ್ಟೆ. ನೀನು ಅದೇ ಊರಲ್ಲಿ ಅದೇ ಆಟ ಆಡಿ ಬಂದೋಳು. ಕೊಡಿಸೋಕೆ ನನ್ನದೇನೂ ಅಡ್ಡಿಯಿಲ್ಲ. ಆದರೆ ಯಾತಕ್ಕೆ ಕೊಡ್ತಾ ಇದೀನಿ ಅನ್ನೋದು ನಂಗೆ ಗೊತ್ತಾಗ್ಬೇಕು.

— ಎಷ್ಟು ದಿನದಿಂದ ಆಡ್ತಿದಾನೆ ಮಾವ?

— ಈ ಟರ್ಮಿನಿಂದ. ಕ್ಲಬ್ಬಿನೋರು ಯಾವುದೋ ಹಳೇ ಜೋಡಿ ಕೊಟ್ಟವ್ರೆ. ಅದು ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತಂತೆ. ಅರ್ಧ ಆಟ ಆಗೋದ್ರೊಳಗೆ ಮೀನಖಂಡ ಹಿಡ್ಕೊಳ್ಳುತ್ತಂತೆ. ಟೀಮಲ್ಲಿ ಎಲ್ಲರಿಗಿಂತ ಜೋರಾಗಿ ಹೋಗೋನು ಕಾರ್ಬನ್ ಹಾಕ್ಕೊಂಡವ್ನಂತೆ, ಅದಕ್ಕೆ ಇವನಿಗೂ ಅದೇ ಬೇಕು.

— ಹಿಮ್ಮಡಿ ಬೊಬ್ಬೆ ಅಂದ್ರೆ ಫಿನ್ನಿನಲ್ಲಿ ಪಾದ ಇಡೋ ಗೂಡು ಸರಿಯಾಗಿ ಕೂತಿಲ್ಲ. ಮೀನಖಂಡ ಹಿಡ್ಕೊಳ್ತಿದೆ ಅಂದ್ರೆ ಅವನ ಕಾಲಿಗೆ ಆ ಫಿನ್ನಿನ ಹಲಗೆ ಬಿರುಸಾಯ್ತು, ಇಲ್ಲಾ ಒದೆಯೋ ರೀತಿ ಇನ್ನೂ ಕೂತಿಲ್ಲ. ಎರಡಕ್ಕೂ ಕಾರ್ಬನ್ ಮದ್ದಲ್ಲ ಮಾವ. ಬಿರುಸು ಕಾರ್ಬನ್ ಕೊಟ್ರೆ ನೋವು ಇನ್ನೂ ಜಾಸ್ತಿಯಾಗುತ್ತೆ.

— ತಡಿ, ಮೊದಲು ಆಟ ಏನು ಅಂತ ಹೇಳು. ಮೇಲೆ ನಿಂತೋರಿಗೆ ಏನೂ ಕಾಣ್ದೆ ಇರೋ ಆಟ ಅಂತ ಅವನೇ ನಗ್ತಿದ್ದ.

— ಈಜುಕೊಳದ ತಳದಲ್ಲಿ ನಡೆಯೋ ಆಟ. ಕೊಳ 25 ಮೀಟರ್ ಉದ್ದ, 15 ಮೀಟರ್ ಅಗಲ, ಆಳ 2 ಮೀಟರಿಗೆ ಕಮ್ಮಿ ಇರಬಾರದು. ಒಂದು ತಂಡದಿಂದ ನೀರಲ್ಲಿ ಆರು ಜನ, ಬದಲಿಗೆ ದಡದಲ್ಲಿ ನಾಲ್ಕು ಜನ. ಚೆಂಡಿನ ಬದಲು ಸೀಸದ ಬಿಲ್ಲೆ, ಮೇಲೆ ಪ್ಲಾಸ್ಟಿಕ್ ಹೊದಿಕೆ, ತೂಕ ಸುಮಾರು 1.3 ಕೆ.ಜಿ. ಎರಡು ತುದೀಲೂ ತಳದಲ್ಲಿ 3 ಮೀಟರ್ ಉದ್ದದ ತಗ್ಗು ತೊಟ್ಟಿ ಇಟ್ಟಿರ್ತಾರೆ, ಬಿಲ್ಲೆ ಅದರೊಳಗೆ ಬಿದ್ರೆ ಗೋಲು. 15 ನಿಮಿಷದ ಎರಡು ಅರ್ಧ, ನಡುವೆ 3 ನಿಮಿಷ ಬಿಡುವು. ಬೆನ್ನಿಗೆ ಸಿಲಿಂಡರ್ ಇಲ್ಲ. ಮೇಲೆ ಮುಖ ಕೆಳಗೆ ಮಾಡಿ ತೇಲ್ತಾ ಸ್ನಾರ್ಕೆಲ್ ಕೊಳವೆಯಲ್ಲಿ ಉಸಿರು ತುಂಬ್ಕೊಂಡು ಮುಳುಗೋದು, ತಳದಲ್ಲಿ ಕೋಲಿನಿಂದ ಬಿಲ್ಲೆ ತಳ್ಳೋದು, ಉಸಿರು ಮುಗಿಯೋಕೆ ಮುಂಚೆ ಜೊತೆಗಾರನಿಗೆ ದಾಟಿಸಿ ಮೇಲೆ ಬರೋದು. ಇಡೀ ಆಟ ಅಷ್ಟೇ.

— ಯಾವನಿಗೆ ಹೊಳೀತು ಇಂಥದ್ದು?

— ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ರ ಸೌತ್‌ಸೀ ಅಂತ ಇದೆ. ಅಲ್ಲಿಯ ಡೈವಿಂಗ್ ಕ್ಲಬ್ಬಿನ ಅಲನ್ ಬ್ಲೇಕ್ ಅನ್ನೋರು 1954ರಲ್ಲಿ ಶುರುಮಾಡಿದ್ದು. ಚಳಿಗಾಲದಲ್ಲಿ ಸಮುದ್ರ ಕೊರೆಯುತ್ತೆ, ಡೈವರ್‌ಗಳು ಮನೆ ಹಿಡೀತಾರೆ, ಕ್ಲಬ್ ಬಿಕೋ ಅನ್ನುತ್ತೆ. ಅವರನ್ನ ಈಜುಕೊಳಕ್ಕೆ ಎಳೆಯೋಕೆ ಕಟ್ಟಿದ ಆಟ. ಆಗ ಆಕ್ಟೊಪುಶ್ ಅಂತ ಹೆಸರು. 1980ರಲ್ಲಿ ಕೆನಡಾದ ವ್ಯಾಂಕೂವರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆಯ್ತು. 2019ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲೂ ಪದಕಕ್ಕೆ ಆಡಿದ್ರು. ನ್ಯೂಜಿಲೆಂಡಲ್ಲಂತೂ ಹೈಸ್ಕೂಲು ಮಕ್ಕಳೇ ಶಾಲೆ ತಂಡ ಕಟ್ಕೊಂಡು ಆಡ್ತಾರೆ.

— ಕೋಲು ಗೇಣುದ್ದ ಇರುತ್ತಂತಲ್ಲ. ಅದನ್ನ ನಾನೇ ಮಾಡಿ ಕಳಿಸ್ತೀನಿ ಅಂದೆ. ಆಲೆ ಮರದಲ್ಲಿ ಚೆನ್ನಾಗಿ ಕೂರುತ್ತೆ.

— ಕೋಲು ತಾವೇ ಮಾಡ್ಕೊಳ್ಳೋ ಆಟಗಾರರು ಎಲ್ಲಾ ಕಡೆ ಇದಾರೆ ಮಾವ, ಖಂಡಿತ ಮಾಡಿ. ಆದರೆ ಆಲೆ ಮರ ಬೇಡ. ನೀವು ಮಾಡೋ ಬೊಂಬೆಗೆ ಅದರ ಮೆದುವೇ ಚೆಂದ, ಇಲ್ಲಿ ಆ ಮೆದುವೇ ತೊಂದರೆ. ಸೀಸದ ಬಿಲ್ಲೆ ಬಡಿದು ನಾಲ್ಕು ದಿನಕ್ಕೆ ಅಂಚು ಕಿತ್ತು ಬರುತ್ತೆ. ತೇಗ, ಹೊನ್ನೆ ಥರ ಗಟ್ಟಿ ಮರ ತಗೊಳ್ಳಿ. ಲೇತಿಗೆ ಹಾಕೋ ಕೆಲಸವೂ ಅಲ್ಲ, ಅದು ಚಪ್ಪಟೆ ಸಾಮಾನು, ಗರಗಸ ಉಜ್ಜುಗೊರಡಲ್ಲಿ ಆಗ್ಬೇಕು. ಅಳತೆಗೆ ನಿಯಮ ಇದೆ: 350 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ ಡಬ್ಬಿಯೊಳಗೆ ಇಡೀ ಕೋಲು ಹಿಡೀಬೇಕು. ಬಣ್ಣ ಒಂದು ತಂಡಕ್ಕೆ ಕಪ್ಪು, ಇನ್ನೊಂದಕ್ಕೆ ಬಿಳಿ. ಕೋಲಿನ ಮಾತು ಸಾಕು. ಆ ಕೋಲಿನಿಂದಲೇ ಫಿನ್ನಿನ ವಿಷಯ ಶುರುವಾಗೋದು.

— ಅದ್ಹೆಂಗೆ?

— ಅವನು ಈಜು ಕಲಿತಿದ್ದು ಎಲ್ಲಿ?

— ಕಣ್ವ ಅಣೆಕಟ್ಟೆ ಹತ್ರ ನಮ್ಮ ಭಾವಮೈದನ ತೋಟದ ಬಾವೀಲಿ. ನಾನೇ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಇಳಿಸಿದ್ದೆ.

— ಹಾಗೆ ಕಲಿತೋರು ಕೈಯಲ್ಲೇ ನೀರು ಎಳೀತಾರೆ. ಕಾಲು ಮೈ ತೇಲಿಸೋಕಷ್ಟೇ. ಬಾವೀಲಿ ಕಲಿತೋರು ಮಾತ್ರ ಅಲ್ಲ, ಫ್ರೀಸ್ಟೈಲ್ ಈಜೋ ಯಾರನ್ನೇ ನೋಡಿ, ಮುಂದಕ್ಕೆ ಒಯ್ಯೋ ಬಲದಲ್ಲಿ ದೊಡ್ಡ ಪಾಲು ಕೈಗಳದ್ದು. ಈ ಆಟದಲ್ಲಿ ಒಂದು ಕೈಯಲ್ಲಿ ಕೋಲು, ಅದು ತಳದಲ್ಲಿ ಬಿಲ್ಲೆಗೆ ಅಂಟ್ಕೊಂಡಿರುತ್ತೆ. ಇನ್ನೊಂದು ಕೈ ತಿರುಗೋಕೆ, ಸಮ ಹಿಡಿಯೋಕೆ. ಈಜೋಕೆ ಉಳಿಯೋದು ಕಾಲೆರಡೇ. ಬರಿಗಾಲಲ್ಲಿ ಒದ್ರೆ ನೀರು ಪಾದದ ಅಕ್ಕಪಕ್ಕ ಜಾರಿ ಹೋಗುತ್ತೆ. ಫಿನ್ ಹಾಕಿದ್ರೆ ಒಂದೊಂದು ಒದೆತಕ್ಕೂ ತುಂಬಾ ನೀರು ಹಿಂದಕ್ಕೆ ಹೋಗುತ್ತೆ, ನಾವು ಮುಂದಕ್ಕೆ. ಹಾಗಾಗಿ ಇಲ್ಲಿ ಫಿನ್ ಅಲಂಕಾರದ ಸಾಮಾನಲ್ಲ. ಅವನು ಕೇಳ್ತಿರೋದು ನ್ಯಾಯವಾಗೇ ಇದೆ. ಕೇಳ್ತಿರೋ ಜಾತಿ ಮಾತ್ರ ತಪ್ಪು.

— ಒದೆತ ಜೋರಾಗಿ ತಳ್ಳೋದೇ ಒಳ್ಳೇದಲ್ವಾ? ಆಟ ಅಂದ್ಮೇಲೆ ವೇಗ ತಾನೇ?

— ವೇಗ ಒಂದು ಸಲಕ್ಕೆ ಬೇಕಾಗಿದ್ರೆ ನೀವು ಹೇಳೋದು ಸರಿ. ಬೆಂಜಮಿನ್ ಫ್ರಾಂಕ್ಲಿನ್ ಹೆಸರು ಕೇಳಿದೀರಲ್ಲ, ಮಿಂಚಿನ ಮೇಲೆ ಪ್ರಯೋಗ ಮಾಡಿದೋರು. ಅವರು ಹುಡುಗ ಆಗಿದ್ದಾಗ ಬಾಸ್ಟನ್ನಿನಲ್ಲಿ ಮರದ ಎರಡು ತೆಳು ಹಲಗೆ ಕೊರೆದು, ಹೆಬ್ಬೆರಳು ತೂರೋಕೆ ತೂತು ಮಾಡಿ, ಅಂಗೈಗೆ ಸಿಗಿಸ್ಕೊಂಡು ಈಜಿದ್ರು. ಮೊದಲಿಗಿಂತ ಬೇಗ ಹೋದ್ರಂತೆ, ಮಣಿಕಟ್ಟು ಮಾತ್ರ ಸೋತು ಹೋಯ್ತಂತೆ. ಇದನ್ನ ಅವರೇ ಬರೆದಿದಾರೆ. ಕಾಲಿಗೂ ಮೆಟ್ಟಿನ ಥರದ್ದು ಕಟ್ಟಿ ನೋಡಿದ್ರು, ಅದು ಮನಸ್ಸಿಗೆ ಬರಲಿಲ್ಲ. ಮುನ್ನೂರು ವರ್ಷದ ಹಿಂದಿನ ಮಾತು. ಇವತ್ತು ಅಂಗಡೀಲಿ ಫಿನ್ ಆರಿಸೋ ಪ್ರತಿಯೊಬ್ಬರ ಮುಂದೆ ಇರೋದೂ ಅದೇ ಪ್ರಶ್ನೆ. ಹಲಗೆ ದೊಡ್ಡದಾದಷ್ಟೂ ಬಿರುಸಾದಷ್ಟೂ ನೀರು ಜಾಸ್ತಿ ತಳ್ಳುತ್ತೆ, ಅದನ್ನ ತಳ್ಳೋ ಸ್ನಾಯು ಅಷ್ಟೇ ಬೇಗ ಸೋಲುತ್ತೆ. ಈ ಆಟದಲ್ಲಿ ಸ್ನಾಯು ಸೋತರೆ ಮೊದಲು ಖಾಲಿಯಾಗೋದು ಉಸಿರು.

— ಮರದ ಹಲಗೆಯಾ! ನಮ್ಮ ಕಸುಬಿಗೇ ಬಂದು ನಿಂತ್ಕೊಂಡ್ತು ನೋಡು. ಆಮೇಲೆ ಯಾವಾಗ ರಬ್ಬರ್ ಬಂತು?

— ಫ್ರಾನ್ಸಿನ ಲೂಯಿ ದ ಕೊರ್ಲಿಯೂ ಅನ್ನೋ ನೌಕಾಪಡೆಯೋರು 1933ರಲ್ಲಿ ಕಾಲಿನ ಫಿನ್ನಿಗೆ ಪೇಟೆಂಟ್ ತಗೊಂಡ್ರು. ಅಮೆರಿಕದ ಓವೆನ್ ಚರ್ಚಿಲ್ ಅದನ್ನ ತಮ್ಮ ದೇಶದಲ್ಲಿ ಮಾಡಿ ಮಾರೋಕೆ ಶುರುಮಾಡಿದ್ರು. ಎರಡನೇ ಮಹಾಯುದ್ಧದಲ್ಲಿ ನೀರೊಳಗೆ ಕೆಲಸ ಮಾಡೋ ಸೈನಿಕರ ಕಾಲಿಗೆ ಬಂದ್ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು. ಆಗಿನ ಫಿನ್ನಿಗೆ ಹಿಂದೆ ಪಟ್ಟಿ ಇರ್ತಿತ್ತು. 1950ರ ದಶಕದ ಶುರುವಲ್ಲಿ ಇಟಲಿಯ ಕ್ರೆಸ್ಸಿ ಕಂಪನಿಯವರು ರೊಂಡಿನೆ ಅಂತ ತಂದ್ರು, ಶೂ ಥರ ಹಿಮ್ಮಡೀನೂ ಮುಚ್ಚೋದು. ನಮ್ಮ ಆಟಕ್ಕೆ ಬೇಕಾಗಿರೋದು ಆ ಮುಚ್ಚಿದ ಜಾತಿ.

— ಹೋದ ವರ್ಷ ಮುರುಡೇಶ್ವರಕ್ಕೆ ಹೋಗಿದ್ವಲ್ಲ, ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರ್ಕೊಂಡು ಹೋಗೋರ ಹತ್ರ ರಾಶಿ ಫಿನ್ ಇತ್ತು. ಅದಕ್ಕೆಲ್ಲ ಹಿಂದೆ ಪಟ್ಟಿ, ಬಕಲ್.

— ಅದು ಸ್ಕೂಬಾದೋರದ್ದು. ಅವರು ದೋಣಿಯಿಂದ ಇಳೀಬೇಕು, ದಪ್ಪ ಬೂಟಿನ ಮೇಲೆ ಹಾಕ್ಕೊಂಡು ಬೇಗ ಬಿಚ್ಚಬೇಕು, ಬಂದೋರೆಲ್ಲರ ಕಾಲಿಗೂ ಹೊಂದಬೇಕು. ಬೆನ್ನಲ್ಲಿ ಸಿಲಿಂಡರ್ ಇರೋದ್ರಿಂದ ಅವಸರ ಇಲ್ಲ, ನಿಧಾನಕ್ಕೆ ಹೋಗ್ತಾರೆ. ನಮ್ಮಲ್ಲಿ ಹನ್ನೆರಡು ಜನ ಒಂದೇ ಬಿಲ್ಲೆ ಮೇಲೆ ಮುಗಿಬೀಳ್ತಾರೆ. ಒಬ್ಬರ ಹಿಮ್ಮಡಿ ಇನ್ನೊಬ್ಬರ ಮುಖದ ಹತ್ರ. ಬಕಲ್ ಇದ್ರೆ ಕೆನ್ನೆ ಸೀಳುತ್ತೆ, ಮಾಸ್ಕ್ ಕಿತ್ತು ಬರುತ್ತೆ. ಅದಕ್ಕೆ ಚೂಪು ಅಂಚು, ಲೋಹದ ಚೂರು ಏನಿದ್ರೂ ರೆಫರಿ ನೀರಿಗಿಳಿಯೋಕೆ ಬಿಡಲ್ಲ. ಪಟ್ಟಿ ಇರೋ ಫಿನ್ನಿನಲ್ಲಿ ಪಾದ ಒಳಗೇ ಅಲ್ಲಾಡುತ್ತೆ ಕೂಡ. ಒದ್ದ ಬಲದಲ್ಲಿ ಒಂದು ಪಾಲು ಆ ಸಡಿಲಿಗೇ ಹೋಗುತ್ತೆ.

— ಸರಿ, ಪಟ್ಟಿ ಬೇಡ. ಆಮೇಲೆ?

— ಆಮೇಲೆ ಪಾದದ ಗೂಡು. ಹಲಗೆ ಯಾವುದು ಅಂತ ಯೋಚನೆ ಮಾಡೋಕೆ ಮೊದಲು ಗೂಡು ಗೆಲ್ಲಬೇಕು. ಎಷ್ಟು ಒಳ್ಳೇ ಹಲಗೆ ಇದ್ರೂ ಗೂಡು ಹೊಂದಲಿಲ್ಲ ಅಂದ್ರೆ ಅದು ದಂಡ. ಬಿಗಿಯಾದ್ರೆ ಬೆರಳು ಮರಗಟ್ಟುತ್ತೆ, ಅಂಗಾಲು ಸೆಳೆತ ಹಿಡಿಯುತ್ತೆ. ಸಡಿಲಾದ್ರೆ ಹಿಮ್ಮಡಿ ಮೇಲೆದ್ದು ಉಜ್ಜುತ್ತೆ, ಜೋರು ತಿರುವಲ್ಲಿ ಕಳಚೇ ಹೋಗುತ್ತೆ. ಹಿಮ್ಮಡಿ ಗೂಡಿಗೆ ಅಂಟಿರಬೇಕು. ಬೆರಳ ತುದಿ ಮುಂದಿನ ಕಿಂಡಿಯಿಂದ ಸ್ವಲ್ಪ ಹೊರಗೆ ಬಂದ್ರೆ ತಪ್ಪಿಲ್ಲ, ಒಳಗೆ ಮಡಚಿಕೊಳ್ಳಬಾರದು. ಪಾದದ ಮೇಲ್ಭಾಗ, ಉಬ್ಬಿರುತ್ತಲ್ಲ ಅದು, ಒತ್ತಿಸಿಕೊಳ್ಳಬಾರದು. ನಮ್ಮ ಕಡೆ ಚಿಕ್ಕಂದಿನಿಂದ ಬರಿಗಾಲು, ಚಪ್ಪಲಿ ಅಂತ ಬೆಳೆದೋರ ಪಾದ ಬೆರಳ ಹತ್ರ ಅಗಲವಾಗೇ ಇರುತ್ತೆ. ಕೆಲವು ಕಂಪನಿಯ ಗೂಡು ಕಿರಿದು. ನಂಬರ್ ಸರಿಯಿದ್ರೂ ಪಾದ ಕೂರಲ್ಲ.

— ಅವನ ಪಾದ ನನ್ನದೇ. ಮುಂದೆ ಅಗಲ, ಹಿಂದೆ ಸಪೂರ.

— ಹಾಗಿದ್ರೆ ಅವನ ಹಿಮ್ಮಡಿ ಬೊಬ್ಬೆಗೆ ಕಾರಣ ಇಲ್ಲೇ ಸಿಕ್ತು ನೋಡಿ. ಮುಂದೆ ಹಿಡಿಯೋ ಹಾಗೆ ದೊಡ್ಡ ನಂಬರ್ ಕೊಟ್ಟಿರ್ತಾರೆ, ಹಿಂದೆ ಸಡಿಲವಾಗಿರುತ್ತೆ. ತೆಳು ನಿಯೋಪ್ರೀನ್ ಸಾಕ್ಸ್ ಹಾಕಿದ್ರೆ ಅಷ್ಟು ಸಡಿಲು ತುಂಬುತ್ತೆ, ಉಜ್ಜೋದೂ ನಿಲ್ಲುತ್ತೆ. ಹಿಮ್ಮಡಿ, ಅಂಗಾಲು, ಪಾದದ ಮೇಲೆ ಮೂರೂ ಕಡೆ ಸುತ್ತಿ ಹಿಡಿಯೋ ರಬ್ಬರ್ ಪಟ್ಟಿ ಬರುತ್ತೆ, ಫಿನ್ ಕೀಪರ್ ಅಂತಾರೆ, ಅದನ್ನೂ ಹಾಕ್ಬಹುದು. ಸಾಕ್ಸ್ ಹಾಕೋದೇ ಆದ್ರೆ ಅಳತೇನೂ ಸಾಕ್ಸ್ ಹಾಕ್ಕೊಂಡೇ ನೋಡಬೇಕು, ಸಾಯಂಕಾಲ ನೋಡಬೇಕು. ಬೆಳಗ್ಗೆಗಿಂತ ಸಂಜೆಗೆ ಪಾದ ಒಂದು ಚೂರು ಊದಿರುತ್ತೆ. ಒಣಗಿದ್ದಾಗ ಬಿಗಿ ಅನ್ನಿಸಿದ್ದು ನೀರಲ್ಲಿ ಸಡಿಲಾಗುತ್ತೆ, ಹಾಗಾಗಿ ಅಂಗಡೀಲಿ ಹಾಕಿ ನೋಡಿದ್ದನ್ನೇ ನಂಬೋ ಹಾಗಿಲ್ಲ.

— ಇಷ್ಟೊಂದು ಐತಾ ಒಂದು ಗೂಡಲ್ಲಿ! ಹಲಗೆ ವಿಷಯ ಹೇಳು. ಕಾರ್ಬನ್, ಫೈಬರ್, ರಬ್ಬರ್ ಅಂತ ಅವನು ಏನೇನೋ ಅಂದ.

— ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು ಮಾವ. ಒಂದು ಪಟ್ಟಿ ಮರ ಬಗ್ಗಿಸ್ಬೇಕು ಅಂದ್ರೆ ಏನು ಮಾಡ್ತೀರಿ?

— ದಪ್ಪ ಇಳಿಸ್ತೀನಿ. ಕೂದಲೆಳೆ ಇಳಿಸಿದ್ರೂ ಎಷ್ಟೋ ಸಲೀಸಾಗಿ ಬಗ್ಗುತ್ತೆ. ಒಂದು ಕಡೆ ಜಾಸ್ತಿ ಇಳಿಸಿಬಿಟ್ರೆ ಅಲ್ಲೇ ಮುರಿಯುತ್ತೆ. ಅದಕ್ಕೆ ಬುಡದಿಂದ ತುದಿವರೆಗೆ ಸಮವಾಗಿ ತೆಳ್ಳಗೆ ಮಾಡ್ತಾ ಹೋಗ್ಬೇಕು.

— ಒಳ್ಳೇ ಫಿನ್ ಮಾಡೋರೂ ಹಾಗೇ ಮಾಡ್ತಾರೆ. ದಪ್ಪ ಎರಡರಷ್ಟಾದ್ರೆ ಬಗ್ಗಿಸೋಕೆ ಎಂಟರಷ್ಟು ಬಲ ಬೇಕು, ಲೆಕ್ಕ ಹಾಗೆ ಏರುತ್ತೆ. ಫೈಬರ್‌ಗ್ಲಾಸ್ ಫಿನ್ನಿನಲ್ಲಿ ಗಾಜಿನ ಎಳೆಯ ಬಟ್ಟೆಯನ್ನ ಅಂಟಲ್ಲಿ ಅದ್ದಿ ಪದರ ಪದರವಾಗಿ ಕೂರಿಸ್ತಾರೆ. ಬುಡದಲ್ಲಿ ಜಾಸ್ತಿ ಪದರ, ತುದಿಗೆ ಹೋಗ್ತಾ ಕಮ್ಮಿ. ಒದ್ದಾಗ ಇಡೀ ಹಲಗೆ ಸಮವಾಗಿ ಬಾಗಿ, ಒದೆತದ ಕೊನೇಲಿ ಚಿಮ್ಮಿ ನೆಟ್ಟಗಾಗುತ್ತೆ. ಹಲಗೆ ಬಾಗೋದ್ರಿಂದಲೇ ನೀರು ಹಿಂದಕ್ಕೆ ಹೋಗೋದು. ಒಂಚೂರೂ ಬಾಗದೆ ಇದ್ರೆ ನೀರನ್ನ ಮೇಲಕ್ಕೂ ಕೆಳಕ್ಕೂ ಬಡಿದ ಹಾಗಾಗುತ್ತೆ, ನಾವು ಇದ್ದಲ್ಲೇ ಇರ್ತೀವಿ, ಕಾಲು ನೋಯುತ್ತೆ. ತೀರಾ ಬಾಗಿದ್ರೆ ಜೋರು ಒದೆತಕ್ಕೆ ಹಲಗೆ ಮಡಚ್ಕೊಂಡುಬಿಡುತ್ತೆ, ನೀರು ಜಾರುತ್ತೆ. ಯಾವ ಕಾಲಿಗೆ ಯಾವ ಬಾಗು ಅನ್ನೋದೇ ಇಡೀ ಆಯ್ಕೆ.

— ಕಾರ್ಬನ್?

— ಅದೂ ಅದೇ ಪದರದ ಕೆಲಸ. ಗಾಜಿನ ಎಳೆ ಬದಲು ಇಂಗಾಲದ ಎಳೆ. ಹಗುರ, ಚಿಮ್ಮು ಇನ್ನೂ ಚುರುಕು. ಆದರೆ ಕಾರ್ಬನ್ ಅಂದ ಮಾತ್ರಕ್ಕೆ ಮೆದುವೂ ಅಲ್ಲ ಬಿರುಸೂ ಅಲ್ಲ, ಎರಡೂ ಥರ ಮಾಡ್ತಾರೆ. ಅವನ ಟೀಮಿನ ಹುಡುಗ ಬೇಗ ಹೋಗೋದು ಕಾಲಿನಿಂದ, ವರ್ಷಗಟ್ಟಲೆ ಒದ್ದಿರೋ ಸೊಂಟದಿಂದ. ಈ ಆಟದ ಪೆಟ್ಟು ಕಾರ್ಬನ್ನಿಗೆ ಸರಿಹೋಗಲ್ಲ ಅನ್ನೋದು ನನ್ನ ಅಭಿಪ್ರಾಯ. ತಳಕ್ಕೆ ಉಜ್ಜುತ್ತೆ, ಗೋಡೆಗೆ ಬಡಿಯುತ್ತೆ, ಒಬ್ಬರ ಫಿನ್ ಮೇಲೆ ಇನ್ನೊಬ್ಬರು ಬೀಳ್ತಾರೆ. ಒಳಗೆ ಪದರ ಬಿಟ್ಕೊಂಡ್ರೆ ರಿಪೇರಿ ಕಷ್ಟ. ಫೈಬರ್‌ಗ್ಲಾಸ್ ಈ ಪೆಟ್ಟನ್ನ ಅದಕ್ಕಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಅಂಚಿಗೆ ರಬ್ಬರ್ ಪಟ್ಟಿ ಇರೋದನ್ನೇ ತಗೋಬೇಕು. ಇಲ್ಲದಿದ್ರೆ ಎದುರಿನೋರ ಕಾಲು ಕೊಯ್ಯುತ್ತೆ.

— ಪ್ಲಾಸ್ಟಿಕ್, ರಬ್ಬರ್ ಅನ್ನೋದೆಲ್ಲ ಕಳಪೆನಾ?

— ಅಲ್ಲ ಮಾವ, ಹಾಗನ್ನಬೇಡಿ. ಮುಚ್ಚಿದ ಹಿಮ್ಮಡಿಯ, ಮಧ್ಯಮ ಉದ್ದದ ಪ್ಲಾಸ್ಟಿಕ್ ಹಲಗೆಯ ಫಿನ್ನುಗಳಲ್ಲೇ ಎಷ್ಟೋ ಜನ ವರ್ಷಗಟ್ಟಲೆ ದೊಡ್ಡ ಪಂದ್ಯ ಆಡಿದಾರೆ. ಕೈಯಿಂದ ಪದರ ಹಾಕಿ ಮಾಡೋ ಜೋಡಿಗಿಂತ ಬೆಲೆ ಎಷ್ಟೋ ಪಟ್ಟು ಕಮ್ಮಿ. ಕಲಿಯೋರಿಗೆ ಅದರಲ್ಲಿ ಇನ್ನೊಂದು ಲಾಭ ಇದೆ. ಒದೆತ ತಪ್ಪಾದ್ರೆ ಅದು ಮುಚ್ಚಿಡಲ್ಲ. ಸೈಕಲ್ ತುಳಿದ ಹಾಗೆ ಮಂಡಿ ಮಡಚಿ ಒದೆಯೋರು ಅದರಲ್ಲಿ ಮುಂದೆ ಹೋಗೋದೇ ಇಲ್ಲ. ಸೊಂಟದಿಂದ ನೀಳವಾಗಿ ಒದೆಯೋದು ಬಂದ್ಮೇಲೆ ಮಾತ್ರ ಸರಾಗವಾಗಿ ಹೋಗ್ತಾರೆ. ಮೀನಖಂಡ ಹಿಡ್ಕೊಳ್ಳೋದೂ ಆಗ ಕಮ್ಮಿಯಾಗುತ್ತೆ. ತೊಡೆ, ಪಿರ್ರೆಯ ದೊಡ್ಡ ಸ್ನಾಯು ಮಾಡಬೇಕಾದ ಕೆಲಸವನ್ನ ಮೀನಖಂಡಕ್ಕೆ ಹೊರಿಸಿದ್ರೆ ಅದು ಎಷ್ಟು ಹೊತ್ತು ತಾನೇ ತಡೆಯುತ್ತೆ?

— ಉದ್ದ ಎಷ್ಟಿರ್ಬೇಕು?

— ಸಮುದ್ರದಲ್ಲಿ ಒಂದೇ ಉಸಿರಿಗೆ ಆಳಕ್ಕೆ ಹೋಗೋರ ಫಿನ್ ಕೈಯುದ್ದ ಇರುತ್ತೆ. ಅವರು ನೇರ ಕೆಳಗೆ ಹೋಗಿ ನೇರ ಮೇಲೆ ಬರ್ತಾರೆ, ಗಕ್ಕನೆ ತಿರುಗೋ ಕೆಲಸ ಇಲ್ಲ. ಅದನ್ನ ಹಾಕ್ಕೊಂಡು ಈ ಆಟಕ್ಕೆ ಬಂದ್ರೆ ತಿರುಗೋದ್ರೊಳಗೆ ಬಿಲ್ಲೆ ಇನ್ನೊಬ್ಬನ ಹತ್ರ ಇರುತ್ತೆ. ಈಜು ತರಬೇತಿಗೆ ಅಂತ ಮಾರೋ ಮೋಟು ಫಿನ್ ಹಾಕಿದ್ರೆ ತಿರುಗೋದು ಸುಲಭ, ನಿಂತಲ್ಲಿಂದ ಚಿಮ್ಮೋಕೆ ಬಲ ಸಾಲದು. ಇವೆರಡರ ನಡುವಿನದ್ದು ಬೇಕು. ಹಿಮ್ಮಡಿಯಿಂದ ತುದಿವರೆಗೆ 60 ಸೆಂ.ಮೀ. ಆಸುಪಾಸು, ಎತ್ತರದೋರಿಗೆ ಒಂದಿಷ್ಟು ಜಾಸ್ತಿ. ಉದ್ದದ ಜೊತೆ ಇನ್ನೊಂದನ್ನೂ ನೋಡಬೇಕು. ಹಲಗೆ ಪಾದದ ನೇರಕ್ಕೇ ಇದೆಯೋ, ಸ್ವಲ್ಪ ಕೆಳಕ್ಕೆ ಬಾಗಿ ಕೂತಿದೆಯೋ ಅಂತ. ಅವನು ವಜ್ರಾಸನದಲ್ಲಿ ಕೂತ್ಕೊಳ್ತಾನಾ?

— ಇದೇನವ್ವಾ, ಫಿನ್ನಿಗೂ ವಜ್ರಾಸನಕ್ಕೂ?

— ಸಂಬಂಧ ಇದೆ. ಒದೆಯೋವಾಗ ಪಾದ ಕಾಲಿನ ನೇರಕ್ಕೆ ಚಾಚಿರಬೇಕು. ಅಷ್ಟು ಪೂರ್ತಿ ಚಾಚೋ ಕಣಕಾಲು ಎಲ್ಲರಿಗೂ ಇರಲ್ಲ. ಪಾದದ ಮೇಲ್ಭಾಗ ನೆಲಕ್ಕೆ ತಾಗಿಸಿ ಹಿಮ್ಮಡಿ ಮೇಲೆ ಆರಾಮಾಗಿ ಕೂರೋಕಾದ್ರೆ ಕಣಕಾಲು ಚೆನ್ನಾಗಿ ಚಾಚುತ್ತೆ ಅಂತ ಲೆಕ್ಕ. ಕೂರೋಕಾಗದೆ ಕಣಕಾಲು ಮೇಲೇಳ್ತಿದ್ರೆ ಹಲಗೆ ಕೆಳಕ್ಕೆ ಕೋನ ಮಾಡಿ ಕೂರಿಸಿರೋ ಫಿನ್ ಬೇಕು. ಪಾದ ಚಾಚದೆ ಉಳಿಸಿದ್ದನ್ನ ಆ ಕೋನ ತುಂಬ್ಕೊಡುತ್ತೆ. ಬಿರುಸಿನ ಕಣಕಾಲಿಗೆ ನೇರ ಹಲಗೆ ಕೊಟ್ರೆ ಫಿನ್ ಯಾವಾಗಲೂ ಬ್ರೇಕ್ ಹಿಡಿದ ಹಾಗೇ ಇರುತ್ತೆ. ಇದನ್ನ ಅಂಗಡಿಯೋರು ಕೇಳಲ್ಲ, ನಾವೇ ನೋಡ್ಕೋಬೇಕು. ದಿನಾ ಎರಡು ಹೊತ್ತು ವಜ್ರಾಸನದಲ್ಲಿ ಕೂತ್ರೆ ಕಣಕಾಲು ನಿಧಾನಕ್ಕೆ ಸಡಿಲಾಗುತ್ತೆ ಕೂಡ. ಅದಕ್ಕೆ ದುಡ್ಡೂ ಬೇಡ.

— ಅವನು ಟೀಮಲ್ಲಿ ಮುಂದೆ ಆಡ್ತಾನಂತೆ. ಹಿಂದೆ ಆಡೋರಿಗೆ ಬೇರೆ ಫಿನ್ನಾ?

— ಬೇರೆ ಅಂತ ನಿಯಮ ಇಲ್ಲ, ಬೇಕಾಗೋ ಗುಣದಲ್ಲಿ ವ್ಯತ್ಯಾಸ ಇದೆ. ಮುಂದಿನೋರಿಗೆ ಚೂರು ಚೂರು ಓಟ, ತಿರುವು, ನಿಂತು ಮತ್ತೆ ಚಿಮ್ಮೋದು ಜಾಸ್ತಿ. ಸಣ್ಣ ಒದೆತಕ್ಕೂ ತಕ್ಷಣ ಮಾತು ಕೇಳೋ, ಸ್ವಲ್ಪ ಮೋಟಾದ, ಮಧ್ಯಮ ಬಾಗಿನ ಹಲಗೆ ಅವರಿಗೆ ಹೊಂದುತ್ತೆ. ಹಿಂದಿನೋರು ಮೇಲಿಂದ ನೋಡ್ತಾ ಕಾಯ್ತಾರೆ, ಬಿಲ್ಲೆ ಒಡೆದು ಬಂದಾಗ ಒಂದೇ ಗುಕ್ಕಿಗೆ ಇಳಿದು ಅಡ್ಡ ಹಾಕ್ಬೇಕು. ಅವರಿಗೆ ದೊಡ್ಡ ಒದೆತಕ್ಕೆ ಜಾಸ್ತಿ ದೂರ ಒಯ್ಯೋ ಹಲಗೆ ಉಪಯೋಗ. ಆದರೆ ಹೊಸ ಹುಡುಗರನ್ನ ಮೊದಲಿಗೆ ಎಲ್ಲಾ ಜಾಗದಲ್ಲೂ ಆಡಿಸ್ತಾರೆ. ಈಗಲೇ ಮುಂದಿನೋನು ಅಂತ ತೀರ್ಮಾನ ಮಾಡಿ ಫಿನ್ ತಗೊಂಡ್ರೆ ಮುಂದೆ ಕಷ್ಟ.

— ಇಷ್ಟೆಲ್ಲ ನೋಡಿ, ಇದು ನಂದು ಅಂತ ಕೊನೆಗೆ ಹೆಂಗೆ ಗೊತ್ತಾಗುತ್ತೆ?

— ಇದನ್ನ ಅವನಿಗೆ ಬಿಡಿಸಿ ಹೇಳಿ ಮಾವ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಹೊಸ ಫಿನ್ ಸಿಕ್ಕಿದ ಕೂಡಲೇ 25 ಮೀಟರ್ ಜೋರಾಗಿ ಹೋಗಿ ಗಡಿಯಾರ ನೋಡ್ತಾರೆ. ಬಿರುಸು ಹಲಗೇನೇ ಗೆಲ್ಲುತ್ತೆ, ಅದನ್ನೇ ಕೊಂಡ್ಕೊಳ್ತಾರೆ. ಆಟದಲ್ಲಿ ಒಂದು ಓಟ ಇರಲ್ಲ. ಇಳಿ, ಆಡು, ಮೇಲೆ ಬಾ, ನಾಲ್ಕು ಉಸಿರು ತಗೋ, ಮತ್ತೆ ಇಳಿ. ಕಾಲಿನ ಸ್ನಾಯು ಮೈಯಲ್ಲೇ ದೊಡ್ಡದು, ಅದು ದುಡಿದಷ್ಟೂ ಆಮ್ಲಜನಕ ತಿನ್ನುತ್ತೆ. ಬಿರುಸು ಹಲಗೆ ಒದ್ದು ತಳಕ್ಕೆ ಬೇಗ ತಲುಪಿದೋನು ಅಲ್ಲಿ ಎರಡು ಸೆಕೆಂಡ್ ನಿಲ್ಲೋಕಾಗದೆ ಮೇಲೆ ಓಡಿ ಬಂದ್ರೆ ಆ ವೇಗದಿಂದ ತಂಡಕ್ಕೆ ಏನು ಬಂತು? ಹಾಗಾಗಿ ಪರೀಕ್ಷೆ ಹೀಗೆ ಮಾಡ್ಬೇಕು. ಕೊಳದ 15 ಮೀಟರ್ ಅಗಲವನ್ನ ತಳದಲ್ಲೇ ದಾಟೋದು, ಮೇಲೆ ಬಂದು ಕೆಲವೇ ಉಸಿರು, ಮತ್ತೆ ದಾಟೋದು. ಹೀಗೇ ಕಾಲು ಸೋಲೋವರೆಗೆ. ಮೊದಲನೇ ಸಲ ಹೇಗಿತ್ತು ಅಂತ ಕೇಳೋದೇ ಬೇಡ. ಏಳನೇ ಸಲವೋ ಎಂಟನೇ ಸಲವೋ ಯಾವ ಜೋಡೀಲಿ ಇನ್ನೂ ಒದೆತ ನೀಳವಾಗಿದೆ, ತಳದಲ್ಲಿ ನಿಧಾನ ಇದೆ, ಆ ಜೋಡಿ ಅವನದು. ಇನ್ನೂ ಒಳ್ಳೇದು ಅಂದ್ರೆ ಟೀಮಿನೋರ ಫಿನ್ ಒಂದೊಂದು ದಿನ ಎರವಲು ಪಡೆದು ಇಡೀ ಆಟ ಆಡಿ ನೋಡೋದು. ಎರಡನೇ ಅರ್ಧದ ಕೊನೇ ಐದು ನಿಮಿಷದಲ್ಲಿ ಕಾಲು ಏನು ಹೇಳುತ್ತೋ ಅದನ್ನ ಕೇಳಬೇಕು. ಅಲ್ಲಿಯ ಕ್ಲಬ್ಬುಗಳಲ್ಲಿ ಎರವಲು ಕೊಡೋಕೆ ಯಾರೂ ಹಿಂಜರಿಯಲ್ಲ. ನನಗೆ ಈ ಆಟದಲ್ಲಿ ಇಷ್ಟ ಆಗಿದ್ದರಲ್ಲಿ ಅದೂ ಒಂದು.

— ಈ ಪರೀಕ್ಷೆ ಅವನು ರಜೇಲಿ ಬಂದಾಗ ಇಲ್ಲೇ ಕಣ್ವದಲ್ಲಿ ಮಾಡ್ಬಹುದಲ್ವಾ? 1946ರಲ್ಲಿ ಕಟ್ಟೆ ಕಟ್ಟಿದಾಗಿನಿಂದ ನಮ್ಮ ಮನೆಯೋರು ಅಲ್ಲಿ ಈಜಿದೋರೇ.

— ಬೇಡ ಮಾವ. ಇದೊಂದು ವಿಷಯದಲ್ಲಿ ನಾನು ಹಠ ಹಿಡೀತೀನಿ. ಕಣ್ವ ಆಗಲಿ, ಮಂಚನಬೆಲೆ ಆಗಲಿ, ಕನಕಪುರದ ಸಂಗಮ ಆಗಲಿ, ಬೇಡವೇ ಬೇಡ. ತಳ ಕಾಣಲ್ಲ, ಕೆಸರು, ಬೇರು, ಹಳೇ ಬಲೆ. ಉಸಿರು ಕಟ್ಟಿ ಮುಳುಗೋದ್ರಲ್ಲಿ ಇನ್ನೊಂದು ಅಪಾಯ ಇದೆ, ಅದು ತಿಳಿನೀರಲ್ಲೂ ಬಿಡಲ್ಲ. ಜಾಸ್ತಿ ಹೊತ್ತು ಇರೋಣ ಅಂತ ಮುಳುಗೋಕೆ ಮೊದಲು ಬುಸುಬುಸು ಉಸಿರಾಡ್ತಾರೆ. ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬಲ್ಲ, ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ ಅಷ್ಟೇ. ಉಸಿರು ತಗೋಬೇಕು ಅನ್ನೋ ತಹತಹ ಹುಟ್ಟಿಸೋದು ಅದೇ ಅನಿಲ. ಅದು ಇಳಿದ್ರೆ ತಹತಹ ಬರೋಕೆ ಮುಂಚೇನೇ ಎಚ್ಚರ ತಪ್ಪುತ್ತೆ, ಸದ್ದಿಲ್ಲದೆ. ಚೆನ್ನಾಗಿ ಈಜೋರೇ ಹೀಗೆ ಹೋಗ್ತಾರೆ. ಕೊಳದಲ್ಲೂ ಪಕ್ಕದಲ್ಲಿ ಇನ್ನೊಬ್ಬ ಮೇಲಿಂದ ನೋಡ್ತಾ ಇರಬೇಕು, ಇಳಿದೋನು ಬಂದ್ಮೇಲೇ ಅವನು ಇಳೀಬೇಕು. ಫಿನ್ ಆರಿಸೋಕೆ ಅಂತ ಒಬ್ಬನೇ ಎಲ್ಲೂ ಮುಳುಗಬಾರದು. ಇದನ್ನ ಅವನಿಗೆ ನೀವೇ ಹೇಳ್ಬೇಕು, ಅಪ್ಪ ಹೇಳಿದ್ರೆ ಕೇಳ್ತಾನೆ.

— ಹೇಳ್ತೀನವ್ವ. ಇವತ್ತೇ ಹೇಳ್ತೀನಿ. ಹಂಗಾದ್ರೆ ದುಡ್ಡು?

— ಈಗ ಸಾಕ್ಸಿಗೂ ಕೀಪರಿಗೂ ಕಳಿಸಿ, ಅದು ದೊಡ್ಡ ಮೊತ್ತ ಅಲ್ಲ. ಮುಚ್ಚಿದ ಹಿಮ್ಮಡಿಯ ಪ್ಲಾಸ್ಟಿಕ್ ಜೋಡಿ ಒಂದು, ಮಧ್ಯಮ ಬಾಗಿನದ್ದು, ಅಗಲ ಪಾದಕ್ಕೆ ಕೂರೋದು ಕೊಳ್ಳಲಿ. ಕ್ಲಬ್ಬಲ್ಲಿ ಯಾರಾದ್ರೂ ಹಳೇದು ಮಾರ್ತಿದ್ರೆ ಇನ್ನೂ ಒಳ್ಳೇದು. ಹಳೇದಾದ್ರೆ ಗೂಡಿನ ರಬ್ಬರ್ ಎಳೆದು ನೋಡಬೇಕು. ಸಣ್ಣ ಸಣ್ಣ ಬಿರುಕು ಬಿಟ್ಟಿದ್ರೆ ಬೇಡ, ಗೂಡು ಹಲಗೆ ಸೇರೋ ಕಡೆ ಬಿಳಿಗೆರೆ ಬಂದಿದ್ರೂ ಬೇಡ. ಒಂದು ಸೀಸನ್ ಆಡ್ಲಿ. ಅಷ್ಟೊತ್ತಿಗೆ ಒದೆತ ಸೊಂಟಕ್ಕೆ ಬಂದಿರುತ್ತೆ, ಯಾವ ಜಾಗದಲ್ಲಿ ಆಡ್ತಾನೆ ಅನ್ನೋದು ಗೊತ್ತಾಗಿರುತ್ತೆ, ನಾಲ್ಕಾರು ಜನರ ಫಿನ್ ಹಾಕಿ ನೋಡಿರ್ತಾನೆ. ಆಮೇಲೆ ಫೈಬರ್‌ಗ್ಲಾಸ್ ಕೇಳಿದ್ರೆ ಸಂತೋಷವಾಗಿ ಕೊಡ್ಸಿ. ಎಸ್ತೋನಿಯಾದ ಲೀಡರ್‌ಫಿನ್ಸ್ ಥರದೋರು ಮಾಡ್ತಾರೆ. ಯಾವ ಬಿರುಸಿನ ಹಲಗೆ ಬೇಕು ಅಂತ ಆಗ ಅವನೇ ಹೇಳಬಲ್ಲ.

— ತೊಳೆಯೋದು, ಇಡೋದು?

— ಆಟ ಆದ್ಮೇಲೆ ಕ್ಲೋರಿನ್ ಹೋಗೋ ಹಾಗೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸೋದು. ರಜೇಲಿ ಇಲ್ಲಿಗೆ ತಂದ್ರೆ ತಾರಸಿ ಬಿಸಿಲಿಗಾಗಲಿ ಕಾರಿನ ಡಿಕ್ಕಿಗಾಗಲಿ ಹಾಕೋದು ಬೇಡ, ರಬ್ಬರ್ ಪುಡಿಯಾಗುತ್ತೆ. ತುದಿ ಮೇಲೆ ನಿಲ್ಲಿಸಬಾರದು, ಹಲಗೆ ಸೊಟ್ಟ ನಿಂತುಬಿಡುತ್ತೆ. ಹೊಸದರಲ್ಲಿ ಗೂಡಿನೊಳಗೆ ಬರೋ ಪ್ಲಾಸ್ಟಿಕ್ ಪಾದ ಬಿಸಾಡದೆ ಇಟ್ಕೊಂಡು, ಆಟ ಇಲ್ಲದ ದಿನ ಗೂಡಿನೊಳಗೆ ತೂರಿಸಿಡಲಿ, ಆಕಾರ ಉಳಿಯುತ್ತೆ.

— ಸಂಜೆಗೆ ಫೋನ್ ಮಾಡಿಸ್ತೀನಿ, ನೀನೂ ಪಕ್ಕದಲ್ಲಿರು. ಪಾದದ ಅಳತೆ ಏನೇನು ಬೇಕು ಅಂತ ನೀನೇ ಹೇಳು.

— ಕಾಗದದ ಮೇಲೆ ಎರಡೂ ಪಾದ ಇಟ್ಟು, ಮೈಭಾರ ಪೂರ್ತಿ ಬಿಟ್ಟು ನಿಂತು, ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳ್ಕೊಂಡಿರಲಿ. ಹಿಮ್ಮಡಿಯಿಂದ ಉದ್ದ ಬೆರಳಿಗೆ ಎಷ್ಟು, ಬೆರಳ ಬುಡದಲ್ಲಿ ಅಗಲ ಎಷ್ಟು, ಮಿಲಿಮೀಟರಲ್ಲಿ. ಪಾದದ ಉಬ್ಬಿನ ಮೇಲೆ ಟೇಪು ಸುತ್ತಿ ಸುತ್ತಳತೇನೂ ಬೇಕು. ಎಡ ಬಲ ಎರಡೂ ಬರೀಲಿ ಮಾವ, ಎರಡು ಪಾದ ಒಂದೇ ಸಮ ಇರೋರು ಕಮ್ಮಿ. ದೊಡ್ಡ ಪಾದಕ್ಕೆ ಫಿನ್ ತಗೊಂಡು, ಚಿಕ್ಕದರ ಕಡೆ ಸಾಕ್ಸ್ ಒಂಚೂರು ದಪ್ಪ ಹಾಕಿದ್ರೆ ಆಯ್ತು.